ಬಲಗೈ

ನರದ ಹೊದಿಕೆ ಸವೆದ ಮಕ್ಕಳಿಗೆ ತಾಯಂದಿರ ಕೈನರದ ಹೊದಿಕೆಯನ್ನು ಬಿಡಿಸಿ ತೊಡಿಸುವ ಕೇಂದ್ರದಲ್ಲಿ ಎಂದಿನಂತೆ ಉದ್ದ ಸಾಲಿತ್ತು. ಕೊಟ್ಟ ಕೈಗೆ ಮತ್ತೆಂದೂ ಸ್ಪರ್ಶ ತಿಳಿಯದು ಎಂಬುದು ಸಾಲಿನಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನೀಲವ್ವನ ಸರದಿ ಬಂದಾಗ ನರ್ಸ್ ತಲೆ ಎತ್ತದೆ ಕೇಳಿದಳು, "ಏನ್ ಕೊಡ್ತಿ ಯವ್ವಾ? ಎಡಗೈ ಬರಕೊಳ್ಳಲೇನು?"

"ಎಡಗೈ ಹೋದ ವರ್ಷ ಹಿರೇಮಗಳಿಗೆ ಕೊಟ್ಟೀನ್ರಿ," ಎಂದಳು ನೀಲವ್ವ. "ಈಕಿ ಸಣ್ಣಾಕಿ. ಬಲಗೈ ಬರೀರಿ."

ಪಕ್ಕದಲ್ಲಿದ್ದ ಸಣ್ಣ ಮಗಳು ಚಂಪಾ ಸಿಡುಕಿದಳು. ಮೂರು ತಿಂಗಳಿಂದ ಅವಳ ಕೈಗೆ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. "ರೊಟ್ಟಿ ಹೆಂಗ ಬಡೀತಿ? ಬ್ಯಾಡ, ನಡಿ ಮನಿಗೆ."

"ನಲವತ್ತು ವರ್ಷ ಬಡದೀನಿ. ಇನ್ನ ನೀ ಬಡಿ. ಕರ್ರಗ ಸುಟ್ಟರೂ ತಿಂತೀನಿ."

ನರ್ಸ್ ನಕ್ಕು ಚೀಟಿ ಹರಿದುಕೊಟ್ಟಳು.

ಸಂಜೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಎರಡು ಮಂಚಗಳನ್ನು ಅಕ್ಕಪಕ್ಕ ಎಳೆದು, ಅದೇ ನರ್ಸ್ ತಾಯಿಯ ಬಲಗೈಯನ್ನು ಮಗಳ ಕೈಗೆ ಹಿಡಿಸಿದಳು. ಚಂಪಾಳ ಬೆರಳುಗಳು ಆ ಕೈಯನ್ನು ತಡವಿದವು.

"ಅವ್ವಾ, ಎಷ್ಟ ಬೆಚ್ಚಗೈತಿ ನಿನ್ನ ಕೈ! ನನಗ ತಿಳಿಯಾಕತ್ತೈತಿ," ಎಂದು ಅವಳು ಬಿಕ್ಕಿದಳು. "ಬಿಡಬ್ಯಾಡ."

ನೀಲವ್ವ ದಿಂಬಿನಿಂದ ತಲೆ ಎತ್ತಿ, ತನ್ನ ಕೈ ಇನ್ನೂ ಹಿಡಿದಿದೆಯೇ ಎಂದು ಕಣ್ಣಿನಿಂದ ನೋಡಿಕೊಂಡಳು. ಹಿಡಿದಿತ್ತು.

"ಬಿಟ್ಟಿಲ್ಲ," ಎಂದಳು.