ಎಲ್ಲದಕ್ಕೂ ನೀವೇ ಮೊದಲು

ಹೆಂಡತಿ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ ಗಂಡ ಬೈದುಕೊಂಡೇ ಆಟೋ ಕರೆಸಿದ. ಆಸ್ಪತ್ರೆಯ ತುರ್ತು ವಾರ್ಡಿಗೆ ಬಂದರೂ ಅವನ ಗೊಣಗಾಟ ನಿಲ್ಲಲಿಲ್ಲ.

"ಬರೀ ಗ್ಯಾಸು ಡಾಕ್ಟ್ರಮ್ಮ," ಎಂದ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಓಂಕಾಳು ಅಗಿದ್ರೆ ಹೋಗುತ್ತೆ."

"ಅದನ್ನ ಯಂತ್ರ ಹೇಳಲಿ ಬಿಡಿ." ವೈದ್ಯೆ ಇಸಿಜಿ ವೈರುಗಳನ್ನು ಬಿಡಿಸಿದಳು. "ಇದಕ್ಕೀಗ ಎಐ ಹಾಕಿದ್ದಾರೆ. ನಮ್ಮ ಕಣ್ತಪ್ಪಿದ್ದನ್ನೂ ಹಿಡಿಯುತ್ತೆ."

ವೈರು ಕಂಡದ್ದೇ ಹೆಂಡತಿ ಮಂಚದಿಂದ ಇಳಿದುಬಿಟ್ಟಳು. "ಕರೆಂಟ್ ಹೊಡೆದ್ರೆ?"

"ಏನೂ ಆಗಲ್ಲ ಕಣೇ, ಮಲಗು."

"ಊಟಕ್ಕೆ, ಕಾಫಿಗೆ, ಎಲ್ಲದಕ್ಕೂ ನೀವೇ ಮೊದಲು. ಇದಕ್ಕೂ ನೀವೇ ಮೊದಲು ಮಲಗಿ, ಆಮೇಲೆ ನಾನು."

ವೈದ್ಯೆಗೆ ನಗು ಬಂತು. "ಒಂದೇ ನಿಮಿಷ, ಮಲಗಿ ಸಾರ್. ಅವರಿಗೂ ಧೈರ್ಯ ಬರಲಿ."

ಗಂಡ ಹಣೆ ಚಚ್ಚಿಕೊಂಡು ಅಂಗಿ ಬಿಚ್ಚಿದ. ಅವನ ಎದೆಗೆ ವೈರು ಅಂಟಿಸಿದ ಸ್ವಲ್ಪ ಹೊತ್ತಿಗೇ ಪರದೆ ಕೆಂಪಾಗಿ ಯಂತ್ರ ಕೂಗಿಕೊಂಡಿತು. ವೈದ್ಯೆಯ ಮುಖದ ನಗು ಆರಿಹೋಯಿತು.

"ಹಾರ್ಟ್ ಅಟ್ಯಾಕ್! ಏಳಬೇಡಿ ಸಾರ್!"

ನರ್ಸುಗಳು ಓಡಿಬಂದು ಅವನನ್ನು ಮಂಚದ ಸಮೇತ ಒಳಗೆ ತಳ್ಳಿಕೊಂಡು ಹೋದರು. ಅವನಿಗೆ ಚಿಕಿತ್ಸೆ ಶುರುಮಾಡಿಸಿ ವೈದ್ಯೆ ಹೊರಗೆ ಬಂದಳು.

"ಸಮಯಕ್ಕೆ ಸಿಕ್ಕರು, ಉಳ್ಕೋತಾರೆ. ಎಐ ಇಲ್ಲದಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ಬನ್ನಿ ಅಮ್ಮ, ಈಗ ನಿಮ್ಮದು ನೋಡೋಣ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೇನೂ ಆಗಿಲ್ಲ ಡಾಕ್ಟ್ರಮ್ಮ. ಬೆಳಗ್ಗೆಯಿಂದ ಎದೆ ಉಜ್ಜಿಕೊಳ್ತಾ ಇದ್ದೋರು ಅವ್ರೇ. ಆಸ್ಪತ್ರೆಗೆ ನಡೀರಿ ಅಂದ್ರೆ ಗ್ಯಾಸು ಅಂತಿದ್ರು. ಅದಕ್ಕೇ ನಾನು ಬಿದ್ದೆ."