ಅರವತ್ತು ಗ್ರಾಂ

ಡಾಕ್ಟರ್ ರಂಗಪ್ಪ ಟಾರ್ಚಿನ ಬೆಳಕನ್ನು ಬೆಕ್ಕಿನ ಬಲಗಣ್ಣಿಗೆ ಬಿಟ್ಟರು, ಆಮೇಲೆ ಎಡಗಣ್ಣಿಗೆ. ಎರಡು ಪಾಪೆಗಳೂ ಅಗಲವಾಗಿಯೇ ಇದ್ದವು. ಕಡೂರಿನ ದನದ ಆಸ್ಪತ್ರೆಯ ಮೇಜಿನ ಮೇಲೆ ಕೆಂಚಿ ಇಟ್ಟಲ್ಲೇ ಕಾಲು ಮಡಚಿಕೊಂಡು ಕೂತಿತ್ತು.

“ಎಷ್ಟು ದಿನದಿಂದ ಹಿಂಗೆ?”

“ಹೋದ ವಾರ ಬಾಗ್ಲು ಅಂತ ಹೋಗಿ ಗೋಡೆಗೆ ಮೂತಿ ಹೊಡ್ಕಂಡ್ತು ಸಾರ್. ಅದಕ್ಕೂ ಮುಂಚೆ ನಾನು ಗಮನಿಸಿಲ್ಲ. ಗಮನಿಸ್ಬೇಕಾಗಿತ್ತು,” ಎಂದರು ಬೆಕ್ಕನ್ನು ತಂದಿದ್ದ ಸೊಸೈಟಿ ಗುಮಾಸ್ತ ಗಂಗಾಧರಯ್ಯ.

“ತಿನ್ನಕ್ಕೆ ಏನ್ ಕೊಡ್ತೀರಿ?”

ಈ ಪ್ರಶ್ನೆಗೆ ಅವರು ತಯಾರಾಗಿಯೇ ಬಂದಿದ್ದರು. ಚೀಲದಿಂದ ಖಾಲಿ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಅದರ ಮೇಲಿನ ಇಂಗ್ಲಿಷ್ ಪದಗಳ ಪಕ್ಕ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡದ ಅರ್ಥ ಬರೆದಿತ್ತು. “ಬೆಂಗ್ಳೂರಿಂದ ತರಿಸ್ತೀನಿ. ಸಂಪೂರ್ಣ ಆಹಾರ, ಜೊತೆಗೆ ಬೇರೇನೂ ಬೇಡ ಅಂತ ಬರ್ದಿದಾರೆ ನೋಡಿ. ಆರು ತಿಂಗ್ಳು ಇದನ್ನೇ ತಿನ್ಸಿ ಪರೀಕ್ಷೆ ಮಾಡಿದೀವಿ ಅಂತಾನೂ ಇದೆ, ಇಲ್ಲಿ, ಸಣ್ಣ ಅಕ್ಷರದಲ್ಲಿ. ನಾನು ಒಂದಕ್ಷರ ಬಿಡ್ದೆ ಓದಿದೀನಿ ಸಾರ್.”

“ಯಾವುದ್ರ ಮೇಲೆ ಪರೀಕ್ಷೆ ಮಾಡವ್ರೆ?”

ಸಣ್ಣ ಅಕ್ಷರಗಳ ಮೇಲಿದ್ದ ಗಂಗಾಧರಯ್ಯನವರ ಬೆರಳು ನಿಂತಿತು. “ನಾಯಿ ಮೇಲೆ.”

ಡಾಕ್ಟರು ಪೊಟ್ಟಣವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಗಂಗಾಧರಯ್ಯನವರೇ ಮುಂದುವರಿಸಿದರು. “ನಾಯೀದು ಅಂತ ಗೊತ್ತಿತ್ತು ಸಾರ್. ಬೆಕ್ಕಿನ ಡಬ್ಬಿನೂ ಆ ಅಂಗ್ಡೀಲಿತ್ತು. ಅದ್ರ ಮೇಲೆ ಮೀನಿನ ಚಿತ್ರ. ನಮ್ಮ ಮನೆ ಒಳಕ್ಕೆ ಅದನ್ನ ಹೆಂಗೆ ತರ್ಲಿ? ಇದಾದ್ರೆ ಗೋಧಿ, ಸೋಯಾ, ಹಾಲಿನ ಪುಡಿ ಅಷ್ಟೇ. ಹತ್ತು ಕಿಲೋ ತೂಗೋ ನಾಯಿಗೆ ದಿನಕ್ಕೆ ಇನ್ನೂರು ಗ್ರಾಂ ಅಂತ ಪಟ್ಟಿ ಕೊಟ್ಟಿದಾರೆ. ಕೆಂಚೀನ ಸೊಸೈಟಿ ತಕ್ಕಡೀಲಿ ತೂಗಿಸ್ದೆ, ಮೂರು ಕಿಲೋ ಬಂತು. ಲೆಕ್ಕ ಹಾಕಿ ದಿನಾ ಅರವತ್ತು ಗ್ರಾಂ. ಒಂದಿನಾನೂ ಹೆಚ್ಚುಕಮ್ಮಿ ಮಾಡಿಲ್ಲ.”

“ನಾಯಿ ಚಿಕ್ಕದಾದ್ರೆ ಬೆಕ್ಕಾಗಲ್ಲ ಅಯ್ನೋರೇ,” ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. “ಕಣ್ಣಿಗೆ ಬೇಕಾದ ಒಂದು ಸತ್ವಾನ ನಾಯಿ ತನ್ನ ಮೈಯಲ್ಲೇ ಮಾಡ್ಕಳ್ತದೆ. ಬೆಕ್ಕಿಗೆ ಆ ಶಕ್ತಿ ಇಲ್ಲ, ಮಾಂಸದಿಂದ್ಲೇ ಸಿಗ್ಬೇಕು. ಹೋದ್ ವರ್ಷ ಹೆಬ್ಬಾಳದ ಟ್ರೈನಿಂಗಲ್ಲಿ ಹೇಳೋವರ್ಗೂ ನಂಗೂ ಗೊತ್ತಿರ್ಲಿಲ್ಲ. ಪೊಟ್ಟಣದೋರು ಸುಳ್ಳು ಬರ್ದಿಲ್ಲ. ನಾಯಿಗೆ ಅದು ಸಂಪೂರ್ಣನೇ.” ಟಾರ್ಚನ್ನು ಜೇಬಿಗೆ ಹಾಕಿಕೊಳ್ಳುತ್ತ ಕೇಳಿದರು, “ಇಲಿ ಹಿಡೀತಿರ್ಲಿಲ್ವಾ ಇದು?”

ಹಿಡಿಯುತ್ತಿತ್ತು. ಎರಡು ವರ್ಷದ ಹಿಂದೆ, ಮನೆಯಲ್ಲಿ ಸ್ವಾಮಿಗಳ ಪಾದಪೂಜೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ದೇವರ ಕೋಣೆಯ ಹೊಸ್ತಿಲ ಮೇಲೆ ಅರ್ಧ ಇಲಿ ಬಿದ್ದಿತ್ತು. ಹೆಂಡತಿ ದಾಕ್ಷಾಯಣಮ್ಮ ಕೂಗಾಡಲಿಲ್ಲ. ಹೊಸ್ತಿಲು ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, “ಇದನ್ನ ಬೀರೂರು ಮಂಡೀಲಿ ಬಿಟ್ ಬನ್ನಿ. ಅಲ್ಲಿ ಬೇಕಾದಷ್ಟು ಇಲಿ ಇದಾವೆ, ಸುಖವಾಗಿರ್ತದೆ,” ಎಂದಿದ್ದರು. ಬಿಟ್ಟು ಬರಲು ಗಂಗಾಧರಯ್ಯನವರಿಗೆ ಮನಸ್ಸು ಬರಲಿಲ್ಲ. ಹಿತ್ತಲ ಪಡಸಾಲೆಯಲ್ಲಿ, ಬಾಗಿಲವರೆಗೆ ಓಡಾಡುವಷ್ಟು ಉದ್ದದ ಹಗ್ಗ ಹಾಕಿ ಕಟ್ಟಿದರು. ಇನ್ನು ಮೇಲೆ ಅದು ಇಲಿ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟರು. ಪೊಟ್ಟಣ ಬಂದದ್ದು ಆಮೇಲೆ.

“ಬೀರೂರಲ್ಲಿ ಬಿಟ್ಟು ಬಂದಿದ್ರೆ ಕಣ್ಣಿರ್ತಿತ್ತಾ ಸಾರ್?”

“ಇರ್ತಿತ್ತು.”

“ಈಗ?”

“ಹೋಗಿದ್ದು ಬರಲ್ಲ. ಒಂದಿಷ್ಟು ಮಸುಕಾಗಿ ಉಳ್ದಿದ್ರೆ ಅದನ್ನ ಉಳಿಸ್ಕಬೋದೇನೋ. ಮೀನು ಕೊಡಿ. ಇವತ್ತಿಂದ್ಲೇ ಕೊಡಿ.”

ಸಂತೆಯ ಮೂಲೆಯಲ್ಲಿ ಈರಕ್ಕ ಕೆರೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹಣೆ ತುಂಬ ವಿಭೂತಿ ಧರಿಸಿದವರೊಬ್ಬರು ಬೆಕ್ಕನ್ನು ಎದೆಗವಚಿಕೊಂಡು ಎದುರಿಗೆ ನಿಂತದ್ದನ್ನು ಕಂಡು, “ಸೊಪ್ಪಿನೋರು ಆ ಕಡೆ ಕೂತವ್ರೆ ಅಯ್ನೋರೇ,” ಎಂದಳು.

“ಒಂದು ಮೀನು ಕೊಡವ್ವ. ಇದಕ್ಕೆ. ಇಲ್ಲೇ ತಿನ್ಸಿಬಿಡ್ತೀನಿ.”

ಅವರ ಮುಖ ನೋಡಿದ ಮೇಲೆ ಈರಕ್ಕ ತಮಾಷೆ ಮಾಡಲಿಲ್ಲ. ಬೆರಳುದ್ದದ ಮೀನೊಂದನ್ನು ಆರಿಸಿ ಕೆಂಚಿಯ ಮೂತಿಯ ಬಳಿ ಹಿಡಿದಳು. ಅವಳ ಕೈ ತಾಗಿದ್ದೇ ಬೆಕ್ಕು ಬೆಚ್ಚಿ, ಗಂಗಾಧರಯ್ಯನವರ ಅಂಗಿಗೆ ಉಗುರು ಹಾಕಿತು.

“ಕಣ್ ಕಾಣಲ್ವಾ ಇದಕ್ಕೆ?”

“ಇಲ್ಲ.”

“ಹಂಗಾರೆ ನನ್ ಕೈಗೆ ಬೆದರ್ತದೆ. ನೀವೇ ಕೊಡಿ.”

ಬೆಕ್ಕು ಬಲತೋಳಿನಲ್ಲಿತ್ತು. ಗಂಗಾಧರಯ್ಯ ಎಡಗೈ ಮುಂದೆ ಮಾಡಿದರು. ಈರಕ್ಕ ಅದನ್ನೇ ಒಂದು ಗಳಿಗೆ ನೋಡಿ, ಎಲೆಯ ಮೇಲಿಡುವಷ್ಟು ಮೆಲ್ಲಗೆ ಮೀನನ್ನು ಇಟ್ಟಳು. ಅದು ತಣ್ಣಗಿತ್ತು. ಅವರು ಉಸಿರು ಹಿಡಿದು ಕೈಯನ್ನು ಹತ್ತಿರ ತಂದರು. ಕೆಂಚಿ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಮುಖ ತಿರುಗಿಸಿ ಅವರ ಕಂಕುಳಲ್ಲಿ ಹುದುಗಿಸಿಕೊಂಡಿತು.

“ತಿನ್ನವ್ವ,” ಎಂದರು ಗಂಗಾಧರಯ್ಯ. “ತಿನ್ನು ಕಣೇ.”

“ಇದು ತಿನ್ನೋ ವಸ್ತು ಅನ್ನೋದೇ ಅದಕ್ಕೆ ಮರ್ತೋಗೈತೆ ಕಣ್ರೀ,” ಎಂದಳು ಈರಕ್ಕ.

ಅವರು ಕೈ ಇಳಿಸಲಿಲ್ಲ. ಬೆಳಿಗ್ಗೆ ಇಷ್ಟಲಿಂಗವನ್ನಿಟ್ಟು ಕಣ್ಣು ನೆಟ್ಟು ಕೂತಿದ್ದ ಎಡ ಅಂಗೈಯಲ್ಲಿ ಮೀನು ಹಾಗೇ ಇತ್ತು.