ಒಂದು ಹಿಡಿ ಮಂಡಕ್ಕಿ

ಮಂಡಕ್ಕಿ ಭಟ್ಟಿಯ ಬಿಸಿ ಮರಳಿನ ವಾಸನೆ ಬಂದರೆ ಈಗಲೂ ಅರವತ್ತರ ದಶಕದ ಹರಿಹರದ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತದೆ.

ತಂಗಿ ಗೌರಿಗೆ ಹುಟ್ಟಿನಿಂದಲೇ ಮೇಲ್ತುಟಿ ಸೀಳಿತ್ತು. ಪರದೇಶದ ಡಾಕ್ಟರರು ಧರ್ಮಕ್ಕೆ ಹೊಲಿದುಕೊಡುತ್ತಾರೆಂದು ಅಜ್ಜಿ ನಮ್ಮಿಬ್ಬರನ್ನೂ ದಾವಣಗೆರೆಯಿಂದ ಬಸ್ಸಿನಲ್ಲಿ ಕರೆದೊಯ್ದಿದ್ದಳು. ಅದು ಅವರ ಶಿಬಿರದ ಕೊನೆಯ ದಿನ. ಮಗು ಖಾಲಿ ಹೊಟ್ಟೆಯಲ್ಲಿರಬೇಕೆಂದು ಮೊದಲೇ ಹೇಳಿದ್ದರು.

"ಹೊಟ್ಟೆಗೆ ಏನಾದ್ರೂ ಕೊಟ್ಟೀರೇನು?" ನರ್ಸ್ ಕೇಳಿದಳು.

"ಇಲ್ರಿ ತಾಯಿ, ಊಟ ಮುಟ್ಟಿಸಿಲ್ಲ. ಅಳ್ತಿತ್ತು ಅಂತ ಈಗ ಒಂದು ಹಿಡಿ ಮಂಡಕ್ಕಿ ಅಷ್ಟೆ," ಎಂದಳು ಅಜ್ಜಿ.

ನರ್ಸ್ ನಿಟ್ಟುಸಿರುಬಿಟ್ಟಳು. "ಇನ್ನು ಮತ್ತಿನೌಷಧ ಕೊಟ್ರೆ ಜೀವಕ್ಕೆ ಅಪಾಯ ಐತಜ್ಜಿ. ನಾಳೆ ಡಾಕ್ಟ್ರು ಇರಲ್ಲ."

ಮರಳುವ ಬಸ್ಸಿನಲ್ಲಿ, ಉಳಿದ ಮಂಡಕ್ಕಿ ಕಟ್ಟಿದ್ದ ಅಜ್ಜಿಯ ಸೆರಗಿನ ಗಂಟನ್ನು ಎಳೆಯುತ್ತ, ಗೌರಿ ಆ ಸೀಳುತುಟಿಯಲ್ಲೇ ನಕ್ಕಳು.

"ಅಜ್ಜಿ, ಇನ್ನೊಂದು ಹಿಡಿ ಕೊಡು."